ಮಾಮನ ಕಾರಿನ ತುಕ್ಕು, ನನ್ನ ಎಣ್ಣೆ

ನನಗೆ ಒಂದು ಕೆಟ್ಟ ಅಭ್ಯಾಸ ಉಂಟು. ಕಾರು ಕಂಡ್ರೆ ಬೆರಳಿನ ಗೆಣ್ಣಿನಿಂದ ಒಮ್ಮೆ ತಟ್ಟದೆ ಮುಂದೆ ಹೋಗ್ಲಿಕ್ಕೆ ಆಗುವುದಿಲ್ಲ. ಹಲಸಿನ ಹಣ್ಣು ಬಲಿತಿದೆಯಾ ಅಂತ ತಟ್ಟಿ ನೋಡುವವರು ಇರ್ತಾರಲ್ಲ, ಹಾಗೆ. ಯಾರ ಕಾರು, ಒಳಗೆ ಯಾರಿದ್ದಾರೆ, ಅದೆಲ್ಲ ನನ್ನ ಬೆರಳು ಕೇಳುವುದಿಲ್ಲ. ಹೋದ ವಾರ ಕಂಕನಾಡಿಯಲ್ಲಿ ಒಂದು ಮದುವೆ ಹಾಲ್‌ನ ಎದುರು ಹೂ ಕಟ್ಟಿದ ಕಾರು ನಿಂತಿತ್ತು. ಹಿಂದಿನ ಬಾಗಿಲಿನ ಕೆಳಗೆ ಟಕ್ ಟಕ್ ಅಂತ ತಟ್ಟಿದೆ. ಗ್ಲಾಸು ಕೆಳಗೆ ಬಂತು. ಒಳಗೆ ಮದುಮಗಳು, ಮಂಡೆ ತುಂಬ ಮಲ್ಲಿಗೆ.

"ಎಂತ?" ಅಂತ ಕೇಳಿದಳು.

"ಲಪ್ಪ" ಅಂದೆ ನಾನು. "ನಿಮ್ಮ ಬಾಗಿಲಲ್ಲಿ ಲಪ್ಪ ಉಂಟು."

ತುಕ್ಕು ತಿಂದ ತೂತಿಗೆ ಲಪ್ಪ, ಅಂದ್ರೆ ಪುಟ್ಟಿ, ಮೆತ್ತಿ ಮೇಲಿಂದ ಬಣ್ಣ ಹೊಡೀತಾರೆ. ಒಳ್ಳೆ ತಗಡಿಗೆ ತಟ್ಟಿದ್ರೆ ಠಣ್ ಅಂತದೆ, ಲಪ್ಪಕ್ಕೆ ತಟ್ಟಿದ್ರೆ ಡಬ್ ಅಂತದೆ. ಆದ್ರೆ ಇದನ್ನೆಲ್ಲ ಮದುವೆ ದಿನ ಒಂದು ಹುಡುಗಿಗೆ ವಿವರಿಸಿ ಹೇಳ್ಲಿಕ್ಕೆ ಆಗ್ತದಾ? ಅವಳು ಗ್ಲಾಸು ಮೇಲೆ ಮಾಡಿದಳು. ನಾನು ಊಟ ಮಾಡದೆ ಮನೆಗೆ ಬಂದೆ. ಮದುವೆ ನನ್ನ ಕಡೆಯವರದ್ದೇ ಆಗಿತ್ತು, ಆದ್ರೂ ಬಂದೆ.

ಈ ರೋಗ ನನಗೆ ಹಿಡಿದದ್ದು ಮಾಮನ ಕಾರು ಮಾರುವ ಗಲಾಟೆಯಲ್ಲಿ. ನನಗೆ ಆಗ ಹತ್ತೊಂಬತ್ತು.

ಮಾಮ ಅಂದ್ರೆ ಅಮ್ಮನ ಅಣ್ಣ. ನಮ್ಮಲ್ಲಿ ಅಪ್ಪನ ಮಾತಿಗಿಂತ ಮಾಮನ ಮಾತು ಒಂದು ಮುಷ್ಟಿ ಹೆಚ್ಚು ತೂಗ್ತದೆ. ಅವರ ಮನೆ ಮಂಗಳೂರಿನ ಫಳ್ನೀರಲ್ಲಿ, ರಸ್ತೆ ಬದಿಗೇ. ಮನೆ ಪಕ್ಕ ಹಂಚಿನ ಶೆಡ್ಡು, ಶೆಡ್ಡಿನ ಒಳಗೆ ಕಾರು. ವಿಲಾಯತಿನಿಂದ ಹಡಗಲ್ಲಿ ಬಂದದ್ದು. ತಿಳಿ ಹಸಿರು ಬಣ್ಣ, ಗುಂಡಗಿನ ಬೆನ್ನು. ಇಡೀ ಫಳ್ನೀರು ಅದಕ್ಕೆ ಇಟ್ಟ ಹೆಸರು 'ಏಮೆ'. ತುಳುವಲ್ಲಿ ಏಮೆ ಅಂದ್ರೆ ಆಮೆ. ಆಕಾರ ನೋಡಿ ಇಟ್ಟ ಹೆಸರು ಅಂತ ಮಾಮ ಹೇಳ್ತಿದ್ರು. ಮಾಮ ಓಡಿಸುವ ಸ್ಪೀಡು ನೋಡಿ ಇಟ್ಟದ್ದು ಅಂತ ಅತ್ತೆ, ಅಂದ್ರೆ ಮಾಮನ ಹೆಂಡತಿ, ಹೇಳ್ತಿದ್ರು.

ಏಮೆಗೆ ಈಗಿನ ಕಾರಿನ ಹಾಗೆ ಮಿಣಿಮಿಣಿ ಲೈಟು ಇರ್ಲಿಲ್ಲ. ತಿರುಗುವಾಗ ಬಾಗಿಲ ಬದಿಯ ಕಂಬದಿಂದ ಕಿತ್ತಳೆ ಬಣ್ಣದ ಒಂದು ಚಿಕ್ಕ ಕೈ ಟಪಕ್ಕ ಹೊರಗೆ ಬರ್ತಿತ್ತು. ಸಣ್ಣವನಿದ್ದಾಗ ನಾನು ಅದಕ್ಕೆ ಟಾಟಾ ಮಾಡ್ತಿದ್ದೆ. ಎಡದ ಕೈ ಬೇಗ ಬರ್ತಿತ್ತು. ಬಲದ ಕೈಗೆ ಉದಾಸೀನ, ಒಳಗಿಂದ ಗುದ್ದಬೇಕು. ಹಾಗಾಗಿ ಮಾಮ ಆದಷ್ಟು ಬಲಕ್ಕೆ ತಿರುಗ್ತಿರ್ಲಿಲ್ಲ. ಹಂಪನಕಟ್ಟೆಗೆ ಹೋಗ್ಲಿಕ್ಕೆ ಅರ್ಧ ಮಂಗಳೂರು ಸುತ್ತಿ ಎಡಕ್ಕೆ, ಎಡಕ್ಕೆ, ಎಡಕ್ಕೆ ಅಂತ ಹೋಗುವುದು. ನಮಗೆ ಮಕ್ಕಳಿಗೆ ಖುಷಿ, ಪೊಕ್ಕಡೆ, ಅಂದ್ರೆ ಬಿಟ್ಟಿ, ಸವಾರಿ ಸಿಗ್ತಿತ್ತಲ್ಲ.

ಆದ್ರೆ ಆ ಸವಾರಿಗೆ ಹತ್ತುವುದು ದೇವಸ್ಥಾನದ ಒಳಗೆ ಹೋಗುವುದಕ್ಕಿಂತ ಕಷ್ಟ. ಕಾಲು ತೊಳೀಬೇಕು. ತೊಳೆದ ಕಾಲು ಒರಸ್ಬೇಕು. ಒರಸಿದ ಕಾಲನ್ನು ಮಾಮ ಎತ್ತಿ ಬೆರಳು ಸಂದಿ ನೋಡ್ತಿದ್ರು, ದನದ ಗೊರಸು ನೋಡಿದ ಹಾಗೆ. ಒದ್ದೆ ಕೊಡೆ ಒಳಗಿಲ್ಲ. ಚಕ್ಕುಲಿ ಇಲ್ಲ. ಜೋರು ನಗ್ಲಿಕ್ಕಿಲ್ಲ, ಯಾಕೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಪಣಂಬೂರು ಬೀಚಿಗೆ ಹೋಗಿ ಬಂದ್ರೆ ಮೊದಲು ಸ್ನಾನ ಕಾರಿಗೆ. ಆಮೇಲೆ ಬಾವಿಯಲ್ಲಿ ನೀರು ಉಳಿದ್ರೆ ನಮಗೆ. ಬೆಳಿಗ್ಗೆ ಎದ್ದು ಹಳೆ ಮುಂಡಿನ ತುಂಡಲ್ಲಿ ಮೈ ಒರಸುವುದು, ಸಂಜೆ ಬೆಡ್‌ಶೀಟು ಹೊದೆಸುವುದು. "ನನಗೆ ಜ್ವರ ಬಂದಾಗ ಇವರು ಬೆಡ್‌ಶೀಟು ಹೊದೆಸಿದ್ದು ನೆನಪಿಲ್ಲ" ಅಂತ ಅತ್ತೆ ಹೇಳಿದ್ರೆ, "ನಿನಗೆ ತುಕ್ಕು ಹಿಡಿಯುದಿಲ್ಲ ಮಾರಾಯ್ತಿ" ಅಂತ ಮಾಮನ ಉತ್ತರ. ಅತ್ತೆಗೆ ಅದು ಹೊಗಳಿಕೆಯಾ ಬೈಗುಳವಾ ಅಂತ ಗೊತ್ತಾಗ್ತಿರ್ಲಿಲ್ಲ.

ಮಳೆ ಬಂದ್ರೆ ಏಮೆ ಶೆಡ್ಡು ಬಿಟ್ಟು ಹೊರಗೆ ಬರುವ ಮಾತೇ ಇಲ್ಲ. ಮಂಗಳೂರಲ್ಲಿ ಮಳೆಗೆ ಹೆದರುವ ಕಾರು ಇಟ್ಟುಕೊಂಡ್ರೆ ಎಂತಾಗ್ತದೆ ಹೇಳಿ? ವರ್ಷದಲ್ಲಿ ಅರ್ಧ ಮಾಮ ಕೊಡೆ ಹಿಡಿದುಕೊಂಡು ನಡೆದೇ ಹೋಗ್ತಿದ್ರು, ಕಾರು ಒಳಗೆ ಬೆಚ್ಚಗೆ.

ಇಷ್ಟೆಲ್ಲ ಮಾಡಿಯೂ ತುಕ್ಕು ಬಂತು. ಬಾರದೆ ಎಲ್ಲಿ ಹೋಗ್ತದೆ? ನಮ್ಮ ಊರ ಗಾಳಿಯೇ ಹಾಗೆ. ಕೊಡೆಯ ಕಡ್ಡಿಗೆ ತುಕ್ಕು, ಹೊಲಿಗೆ ಸೂಜಿಗೆ ತುಕ್ಕು. ಶಾಲೆಯಲ್ಲಿ ನನ್ನ ಕಂಪಾಸು ಪೆಟ್ಟಿಗೆ ಜೂನ್‌ನಲ್ಲಿ ಮುಚ್ಚಿದ್ದು ಆಗಸ್ಟ್‌ನಲ್ಲಿ ತೆಗೀಲಿಕ್ಕೆ ಆಗದೆ, ಆ ಎರಡು ತಿಂಗಳು ನಾನು ರೇಖಾಗಣಿತವನ್ನು ಅಂದಾಜಿಗೆ ಮಾಡಿದ್ದೇನೆ. ಮಾರ್ಕೂ ಮೇಷ್ಟ್ರು ಅಂದಾಜಿಗೇ ಹಾಕಿದ್ರು.

ಏಮೆಯಲ್ಲಿ ತುಕ್ಕು ಇದ್ದದ್ದು ಮುಖ್ಯವಾಗಿ ನಾಲ್ಕು ಕಡೆ. ಮಾಮನಿಗೆ ಒಂದೊಂದರ ಹುಟ್ಟಿದ ದಿನವೂ ಗೊತ್ತು. "ಇದು ನಿನ್ನ ಚಿಕ್ಕಮ್ಮನ ಮದುವೆಗೆ ಹೋಗಿ ಮಳೆಗೆ ಸಿಕ್ಕಿದ್ದು. ಇದು ಉಳ್ಳಾಲದಲ್ಲಿ ಉಪ್ಪುನೀರಿಗೆ ಇಳಿದದ್ದು." ಡ್ರೈವರ್ ಬಾಗಿಲಿನ ಅಡಿಯದ್ದನ್ನು ಟಾರ್ಚು ಬಿಟ್ಟು ತೋರಿಸಿ, "ಇದು ನಿನ್ನ ಅಮ್ಮನನ್ನು ಹೆರಿಗೆಗೆ ಕರ್ಕೊಂಡು ಹೋದ ದಿನದ್ದು" ಅಂತಿದ್ರು. ಆ ತುಕ್ಕಿಗೂ ನನಗೂ ಒಂದೇ ಪ್ರಾಯ. ಅದು ನನಗಿಂತ ಚೆಂದ ಬೆಳೆದಿತ್ತು.

ಮಾರುವ ಮಾತು ಯಾಕೆ ಬಂತು ಅಂದ್ರೆ, ಒಂದು ಮಾಮನ ಕಣ್ಣು. ಒಂದು ದಿನ ಸಂಜೆ ವೆಲೆನ್ಸಿಯಾ ಹತ್ತಿರ ಕಾರು ನಿಲ್ಲಿಸಿ ಸುಮಾರು ಹೊತ್ತು ಕೂತರು. ಪಕ್ಕದಲ್ಲಿದ್ದ ಅತ್ತೆ, "ಎಂತ ನಿಂತದ್ದು?" ಅಂತ ಕೇಳಿದ್ರೆ, "ಆ ಕೆಂಪು ಸೀರೆಯವರು ರಸ್ತೆ ದಾಟ್ಲಿ" ಅಂದ್ರಂತೆ. ಅತ್ತೆ ನೋಡ್ತಾರೆ, ಅಂಚೆ ಡಬ್ಬಿ! ಮರುದಿನವೇ ಕಣ್ಣಿನ ಡಾಕ್ಟ್ರು ಡ್ರೈವಿಂಗ್ ಬಂದ್ ಮಾಡಿದ್ರು. ಇನ್ನೊಂದು, ರಸ್ತೆ ಅಗಲ ಮಾಡ್ಲಿಕ್ಕೆ ಶೆಡ್ಡಿನ ಜಾಗ ಹೋಗ್ತದೆ ಅಂತ ಆಯ್ತು. ಮೇ ತಿಂಗಳ ಕೊನೆಯ ಶನಿವಾರ ಶೆಡ್ಡು ಒಡೆಯುವುದು. ಜೂನ್‌ಗೆ ಮಳೆ. ಏಮೆಯನ್ನು ಮಳೆಗೆ ಬಿಡುವುದು ಅಂದ್ರೆ ಮಾಮನಿಗೆ ಮಗುವನ್ನು ಬೀದಿಗೆ ಬಿಟ್ಟ ಹಾಗೆ. ಗುಜರಿಯವನೊಬ್ಬ ಬಂದರಿನಿಂದ ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಶನಿವಾರದ ಒಳಗೆ ಯಾರೂ ತಗೊಳ್ಳದಿದ್ರೆ ಹೇಳಿ, ಗ್ಯಾಸ್ ಕಟ್ಟರು ತರ್ತೇನೆ, ಒಂದು ಗಂಟೆಯಲ್ಲಿ ತುಂಡು ಮಾಡಿ ತಗೊಂಡು ಹೋಗುವಾ" ಅಂತ ಹೇಳಿ ಹೋದ. ಅವತ್ತು ಮಾಮ ಊಟ ಮಾಡಲಿಲ್ಲ.

"ಓಡಿಸುವವನಿಗೆ ಮಾತ್ರ ಕೊಡುವುದು" ಅಂದ್ರು. "ತುಂಡು ಮಾಡುವವನಿಗೆ ಕೊಡುವುದಿದ್ರೆ ನಾನು ಇರುವುದಿಲ್ಲ, ಎಲ್ಲಿಗಾದ್ರೂ ಹೋಗ್ತೇನೆ."

"ಎಲ್ಲಿಗೆ ಹೋಗ್ತೀರಿ, ಕಾರೇ ಇಲ್ಲದೆ?" ಅಂದ್ರು ಅತ್ತೆ.

ಮೊದಲು ಬಂದದ್ದು ಪಡೀಲಿನ ಒಬ್ಬರು. ಹೋಟೆಲಿನವರು, ಒಳ್ಳೆ ಜನ. ಶೆಡ್ಡಿನ ಬಾಗಿಲಲ್ಲಿ ನಿಂತು ಕಾರು ನೋಡಿ, "ಆಹಾ, ಎಂತ ಚೆಂದ ಇಟ್ಟಿದ್ದೀರಿ!" ಅಂದ್ರು. ಅಷ್ಟಕ್ಕೇ ನಿಂತಿದ್ರೆ ವ್ಯಾಪಾರ ಮುಗೀತಿತ್ತು. ಆದ್ರೆ ನಮ್ಮ ಮಾಮ ಟಾರ್ಚು ತಂದ್ರು. ಹಗಲು ಹನ್ನೊಂದು ಗಂಟೆಗೆ! ಮನುಷ್ಯನನ್ನು ನೆಲದಲ್ಲಿ ಕೂರಿಸಿ, ಒಂದೊಂದೇ ತುಕ್ಕು, ಅದರ ಜಾತಕ, ಅದರ ಮಳೆ, ಎಲ್ಲ ಹೇಳಿದ್ರು. ಲಪ್ಪ ಎಲ್ಲೆಲ್ಲಿ ಉಂಟು ಅಂತ ಗೆಣ್ಣಿನಿಂದ ತಟ್ಟಿ ತಟ್ಟಿ ಕೇಳಿಸಿದ್ರು. ಬಲದ ಕೈಯ ಉದಾಸೀನವನ್ನೂ ಬಿಡಲಿಲ್ಲ. ಒಂದು ಗಂಟೆ ಆದ ಮೇಲೆ ಪಡೀಲಿನವರು ಬೆವರು ಒರಸಿಕೊಂಡು, "ಅಲ್ಲ ಸ್ವಾಮಿ, ಒಳ್ಳೇದು ಎಂತಾದ್ರೂ ಉಂಟಾ ಇದರಲ್ಲಿ?" ಅಂತ ಕೇಳಿದ್ರು.

"ಅದನ್ನು ನೀವೇ ನೋಡ್ಬೇಕು" ಅಂದ್ರು ಮಾಮ. "ನಾನು ಹೇಳಿದ್ರೆ ಜಂಬ ಆಗ್ತದೆ."

ಅವರು ನೋಡಲಿಲ್ಲ, ಚಾ ಕುಡಿದು ಹೋದ್ರು.

ಇಲ್ಲಿ ನಾನು ಕಥೆಯ ಒಳಗೆ ಬರ್ತೇನೆ. ಬರದಿದ್ರೆ ಒಳ್ಳೇದಿತ್ತು.

ನಾನು ಆಗ ಕಾಲೇಜು ಅರ್ಧಕ್ಕೆ ಬಿಟ್ಟು, ಮಾಮನ ಮನೆಯಲ್ಲೇ ಇದ್ದುಕೊಂಡು ಮೆಕ್ಯಾನಿಕ್ ಆಗಿದ್ದೆ, ನನ್ನ ಪ್ರಕಾರ. ಗುರು ಇಲ್ಲ, ಗ್ಯಾರೇಜಿಲ್ಲ. ಹಳೆ ಪುಸ್ತಕದ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಇಂಗ್ಲಿಷು ಮೋಟಾರು ಮ್ಯಾಗಜೀನು ಓದಿ ಕಲಿತದ್ದು. ಕಷ್ಟ ಎಂತ ಅಂದ್ರೆ, ಆ ಅಂಗಡಿಯವ ಕಡ್ಲೆ ಕಟ್ಟುವವನಿಗೂ ಅದೇ ರಾಶಿಯಿಂದ ಕೊಡ್ತಿದ್ದ. ಹಾಗಾಗಿ ನನ್ನ ವಿದ್ಯೆಯಲ್ಲಿ ನಡುನಡುವೆ ಹಾಳೆ ಇಲ್ಲ. ಕಾರ್ಬೊರೇಟರ್ ಬಿಚ್ಚುವುದು ಪೂರ್ತಿ ಗೊತ್ತಿತ್ತು. ಜೋಡಿಸುವ ಹಾಳೆ ಯಾರದ್ದೋ ಕೈಯಲ್ಲಿ ಕಡ್ಲೆಯ ಜೊತೆ ಹೋಗಿತ್ತು. ಪಕ್ಕದ ಮನೆಯವರ ಸ್ಕೂಟರಿನ ವಿಷಯ ಈಗ ಬೇಡ.

ಪಡೀಲಿನವರು ಹೋದ ದಿನ ನನಗೆ ಮಂಡೆಬಿಸಿ. ಮ್ಯಾಗಜೀನು ಎಲ್ಲ ಹರಡಿ ಕೂತೆ. ಒಂದರಲ್ಲಿ ಸಿಕ್ಕಿತು ನೋಡಿ: ತುಕ್ಕು ಹಿಡಿದ ತಗಡಿಗೆ ಮೀನಿನೆಣ್ಣೆಯಷ್ಟು ಒಳ್ಳೇದು ಬೇರೆ ಇಲ್ಲ, ಸಂದಿ ಸಂದಿಗೆ ಇಳೀತದೆ, ತುಕ್ಕನ್ನು ಅಲ್ಲೇ ನಿಲ್ಲಿಸ್ತದೆ, ಆದ್ರೆ ಹಚ್ಚುವ ಮೊದಲು ಅದನ್ನು... ಅಲ್ಲಿಗೆ ಹಾಳೆ ಮುಗೀತು. ಮುಂದಿನ ಹಾಳೆ ಕಡ್ಲೆಗೆ ಹೋಗಿದೆ.

ಹಚ್ಚುವ ಮೊದಲು ಎಂತ ಮಾಡ್ಬೇಕು ಅಂತ ನಾನು ಯೋಚನೆ ಮಾಡಿದೆ. ಅಲ್ಲಾಡಿಸ್ಬೇಕು ಅಂತ ಅಂದಾಜು ಮಾಡಿದೆ.

ಮೀನಿನೆಣ್ಣೆಗೆ ಮಂಗಳೂರಲ್ಲಿ ಬರಗಾಲವಾ? ದೋಣಿ ನಿಲ್ಲುವ ದಕ್ಕೆಯಲ್ಲಿ ನನ್ನ ಫ್ರೆಂಡಿನ ಅಣ್ಣನಿಗೆ ದೋಣಿ ಉಂಟು. ಬೂತಾಯಿ ಮೀನು ಬೇಯಿಸಿ ತೆಗೆದ ಎಣ್ಣೆಯನ್ನು ಅವರು ದೋಣಿಯ ಮರಕ್ಕೆ ಬಳೀತಾರೆ. ಎರಡು ಡಬ್ಬಿ ಕೊಟ್ಟ. "ಯಾವ ದೋಣಿಗೆ?" ಅಂತ ಕೇಳಿದ. "ಫಳ್ನೀರಿನ ದೋಣಿಗೆ" ಅಂದೆ. ಮಾಮ, ಅತ್ತೆ ಕುಂದಾಪುರಕ್ಕೆ ಒಂದು ಗೃಹಪ್ರವೇಶಕ್ಕೆ ಹೋದ ದಿನ ನೋಡಿ ಏಮೆಯ ಅಡಿಗೆ ನುಗ್ಗಿದೆ. ಅಡಿ ಪೂರ್ತಿ ಬಳಿದೆ. ಬಾಗಿಲುಗಳ ಹೊಟ್ಟೆಗೆ ತೂತಿನಿಂದ ಹೊಯ್ದೆ. ಚೂರು ಉಳೀತು, ಬಿಸಾಡುವುದು ಯಾಕೆ ಅಂತ ಅದನ್ನೂ ಹೊಯ್ದೆ. ಸುಳ್ಳು ಹೇಳುವುದಿಲ್ಲ, ತುಕ್ಕು ನೋಡ್ಲಿಕ್ಕೆ ಎಷ್ಟು ಚೆಂದ ಆಯ್ತು ಗೊತ್ತುಂಟಾ! ಕಬ್ಬಿಣ ಕಪ್ಪಗೆ, ಹೊಸ ಕಾವಲಿ ಹಾಗೆ. ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಂಗಿಯಲ್ಲಿ ಆ ಕೈಯ ಗುರುತು ಇವತ್ತಿಗೂ ಉಂಟು.

ಮರುದಿನ ಬಿಸಿಲು ಬಂತು. ಮೇ ತಿಂಗಳ ಬಿಸಿಲು, ಹಂಚಿನ ಶೆಡ್ಡು. ಮುಂದಿನದ್ದು ನಿಮ್ಮ ಮೂಗಿಗೇ ಬಿಡ್ತೇನೆ.

ಮಾಮ, ಅತ್ತೆ ಬಂದು ಇಳಿದ ಕೂಡಲೇ ಅತ್ತೆ ಮೂಗು ಎತ್ತಿ ನಿಂತರು. "ಬೂತಾಯಿ" ಅಂದ್ರು. "ಬಂಗುಡೆ ಅಲ್ಲ. ಬೂತಾಯಿಯೇ. ಎಲ್ಲೋ ಒಂದು ಸತ್ತು ಬಿದ್ದಿದೆ." ನಾತ ಏಮೆಯದ್ದು ಅಂತ ಮಾಮನಿಗೂ ಅತ್ತೆಗೂ ಕನಸಲ್ಲೂ ಬರಲಿಲ್ಲ, ಎರಡು ದಿನ ಅಡುಗೆ ಮನೆ ಮಗುಚಿ ಹಾಕಿದ್ರು. ಭರಣಿ ಹಿಂದೆ, ಒಲೆ ಸಂದಿ, ಅಟ್ಟ. ನಾನು ಏಣಿ ಹಿಡಿದುಕೊಂಡು ನಿಂತೆ. "ನಿನಗೆ ಬರುದಿಲ್ವಾ ನಾತ?" ಅಂತ ಕೇಳಿದ್ರು. "ನನಗೆ ಶೀತ ಅತ್ತೆ" ಅಂದೆ. ಅದಕ್ಕೆ ಕಷಾಯ ಮಾಡಿ ಕೊಟ್ಟರು. ತಪ್ಪು ಮಾಡಿದವನಿಗೆ ಶಿಕ್ಷೆ ಆಗುವುದಿಲ್ಲ ಅಂತ ಯಾರು ಹೇಳಿದ್ದು? ಆ ಕಷಾಯ ದಿನಕ್ಕೆ ಮೂರು ಹೊತ್ತು.

ಆಮೇಲೆ ಬೆಕ್ಕುಗಳು ಬಂದವು. ಮೊದಲು ಎರಡು. ಸಂಜೆಗೆ ಐದು. ಮೂರನೇ ದಿನ ಲೆಕ್ಕ ಬಿಟ್ಟೆ. ಫಳ್ನೀರಿನ ಬೆಕ್ಕುಗಳನ್ನು ನನಗೆ ಮುಖ ನೋಡಿ ಗೊತ್ತಿತ್ತು, ಇವುಗಳಲ್ಲಿ ಎಷ್ಟೋ ಹೊರ ಊರಿನವು. ಗಲಾಟೆ ಇಲ್ಲ, ಜಗಳ ಇಲ್ಲ. ಏಮೆಯ ಸುತ್ತ ಬಾಲ ಮಡಚಿ, ಕಣ್ಣು ಅರ್ಧ ಮುಚ್ಚಿ, ಹರಿಕಥೆಗೆ ಕೂತ ಹಾಗೆ ಕೂತದ್ದು. ಒಂದು ಮುದಿ ಗಂಡು ಬೆಕ್ಕು ಹಿಂದಿನ ಚಕ್ರಕ್ಕೆ ಕೆನ್ನೆ ಉಜ್ಜುತ್ತಿತ್ತು.

ಮಾಮ ಮೆಟ್ಟಿಲಲ್ಲಿ ನಿಂತು ನೋಡಿದ್ರು. ಕಣ್ಣಲ್ಲಿ ನೀರು.

"ನೋಡಿದಿಯಾ" ಅಂದ್ರು ಮೆಲ್ಲಗೆ. "ಮನುಷ್ಯರಿಗೆ ಗೊತ್ತಾಗುದಿಲ್ಲ. ಮೂಕ ಪ್ರಾಣಿಗಳಿಗೆ ಗೊತ್ತಾಗ್ತದೆ, ಇದು ಹೋಗ್ತದೆ ಅಂತ. ನೋಡ್ಲಿಕ್ಕೆ ಬಂದಿದ್ದಾವೆ."

ಈಗ ಹೇಳಿ, ನಾನು ಎಂತ ಮಾಡ್ಬೇಕಿತ್ತು? 'ಮಾಮ, ಅದು ಶೋಕ ಅಲ್ಲ, ಹಸಿವು' ಅಂತ ಹೇಳ್ಬೇಕಿತ್ತಾ? ಮಾಮ ಬೆಕ್ಕುಗಳಿಗೆ ಹಾಲು ಇಡಿಸಿದ್ರು. ಬಂದವರನ್ನು ಹಾಗೇ ಕಳಿಸ್ಬಾರ್ದಂತೆ.

ಮಂಗಳವಾರ ಎರಡನೇ ಗಿರಾಕಿ ಬಂದ. ಗಲ್ಫಿನಿಂದ ರಜೆಯಲ್ಲಿ ಬಂದವ, ಕೈಯಲ್ಲಿ ಟೇಪ್ ರೆಕಾರ್ಡರು, ಮೈಯಲ್ಲಿ ಸೆಂಟು. ಆ ಸೆಂಟಿನ ದೆಸೆಯಿಂದ ಮೊದಲ ಹತ್ತು ನಿಮಿಷ ನಾವು ಬಚಾವ್. ಮಾಮನ ಟಾರ್ಚಿಗೂ ಅವ ಹೆದರಲಿಲ್ಲ. "ತುಕ್ಕು ಎಂತ ದೊಡ್ಡದು, ನನ್ನ ಭಾವನಿಗೂ ಉಂಟು ಮೊಣಕಾಲಲ್ಲಿ" ಅಂದ. ನನಗೆ ಜೀವ ಬಂತು. ಒಂದು ರೌಂಡು ಓಡಿಸಿ ಬರ್ತೇನೆ ಅಂತ ಗ್ಲಾಸು ಏರಿಸಿ, ಟೇಪು ಹಾಕಿ, ಒಬ್ಬನೇ ಹೊರಟ. ಹೋಗುವಾಗ ಗ್ಲಾಸು ಮೇಲಿತ್ತು. ಬರುವಾಗ ನಾಲ್ಕೂ ಕೆಳಗೆ. ಮಂಡೆ ಹೊರಗೆ ಹಾಕಿ ಓಡಿಸ್ತಾ ಬಂದ, ಕರ್ಚೀಫು ಮೂಗಿಗೆ.

ಇಳಿದು ನನ್ನನ್ನು ಬದಿಗೆ ಕರೆದ. ಮಾಮನಿಗೆ ಬೇಜಾರಾಗ್ಬಾರ್ದು ಅಂತ ಪಾಪ, ಮೆಲ್ಲಗೆ ಹೇಳಿದ: "ನೋಡು ಮಾರಾಯ, ನನಗೆ ಮೀನು ಅಂದ್ರೆ ಜೀವ. ಅಲ್ಲಿ ಮರಳುಗಾಡಿನಲ್ಲಿ ಕೂತು ಬೂತಾಯಿ ಪುಳಿಮುಂಚಿ ನೆನೆಸಿ ಅತ್ತಿದ್ದೇನೆ. ಆದ್ರೆ ಮೀನು ನನ್ನ ಒಳಗೆ ಹೋಗುವುದು ಬೇರೆ. ನಾನು ಮೀನಿನ ಒಳಗೆ ಹೋಗುವುದು ಬೇರೆ."

ಹೋದ. ಎರಡು ಬೆಕ್ಕು ಅವನ ಹಿಂದೆಯೂ ಹೋದವು.

ಬುಧವಾರ ಯಾರೂ ಇಲ್ಲ. ಗುಜರಿಯವ ಮಾತ್ರ ಸೈಕಲಲ್ಲಿ ಹೋಗುವಾಗ ಬೆಲ್ಲು ಮಾಡಿ ಕೈ ತೋರಿಸಿದ, 'ಶನಿವಾರ ಅಲ್ವಾ?' ಅಂತ. ನನಗೆ ಆ ಇಡೀ ದಿನ ಗ್ಯಾಸ್ ಕಟ್ಟರಿನ ಶಬ್ದವೇ ಕಿವಿಯಲ್ಲಿ. ಏಮೆ ತುಂಡಾದ್ರೆ ಅದು ತುಕ್ಕಿನಿಂದ ಅಲ್ಲ, ಮಾಮನ ಟಾರ್ಚಿನಿಂದಲೂ ಅಲ್ಲ. ಹತ್ತೊಂಬತ್ತು ವರ್ಷದ ಒಬ್ಬ ಪಂಡಿತನಿಂದ.

ಗುರುವಾರ ವಾಮಂಜೂರಿನಿಂದ ಭಟ್ರು ಬಂದ್ರು. ಮನೆ ಮನೆಗೆ ಹೋಗಿ ಪೂಜೆ ಮಾಡಿಸುವವರು. ಚರಕು ಅಂತ ದೊಡ್ಡ ಪಾತ್ರೆ, ಕೊಡಪಾನ, ಹೋಮದ ಸಾಮಾನು ಎಲ್ಲ ಬಸ್ಸಿನಲ್ಲಿ ತಗೊಂಡು ಹೋಗಿ ಸಾಕಾಗಿದೆ, ಕಂಡಕ್ಟರು ಕೊಡಪಾನಕ್ಕೂ ಟಿಕೇಟು ಕೇಳ್ತಾನೆ ಅಂದ್ರು. ಮಾತಿನ ನಡುವೆ ಸೊಂಟದಿಂದ ನಸ್ಯದ ಡಬ್ಬಿ ತೆಗೆದು ಎರಡೂ ಮೂಗಿಗೆ ಏರಿಸಿ ಕಣ್ಣು ಮುಚ್ಚಿದ್ರು. ಐದು ನಿಮಿಷಕ್ಕೆ ಇನ್ನೊಮ್ಮೆ. ನನಗೆ ದೇವರು ಕಂಡ ಹಾಗೆ ಆಯ್ತು. ಮಂಗಳೂರು ತಾಲೂಕಿನಲ್ಲಿ ಏಮೆಯನ್ನು ತಗೊಳ್ಳಬಲ್ಲ ಮೂಗು ಇದ್ದದ್ದು ಇದೊಂದೇ!

ಮಾಮ ಟಾರ್ಚು ತಂದ್ರು. ಭಟ್ರು ಕೊಡೆ ಊರಿ ಕೂತು, ಒಂದೊಂದು ತುಕ್ಕಿನ ಜಾತಕವನ್ನೂ ಜಾತಕ ನೋಡುವವರ ಹಾಗೆಯೇ ಕೇಳಿದ್ರು. "ಇದು ಯಾವ ಮಾಸದ್ದು? ಆಷಾಢವಾ? ಹಾಗಾದ್ರೆ ಬೆಳೀತದೆ." ಇಬ್ಬರಿಗೂ ಭಾರೀ ಖುಷಿ. ಇಪ್ಪತ್ತು ವರ್ಷದಲ್ಲಿ ಮಾಮನ ತುಕ್ಕನ್ನು ಇಷ್ಟು ಪ್ರೀತಿಯಿಂದ ಕೇಳಿದವರು ಬೇರೆ ಯಾರೂ ಇಲ್ಲ. ಬೆಕ್ಕುಗಳನ್ನು ನೋಡಿ ಭಟ್ರು, "ತುಂಬಾ ಸಾಕಿದ್ದೀರಿ" ಅಂದ್ರು. ಮಾಮ, "ಸಾಕಿದ್ದಲ್ಲ, ತಾವಾಗಿ ಬಂದದ್ದು" ಅಂದ್ರು.

ವೀಳ್ಯದೆಲೆ, ಅಡಿಕೆ ಬಂತು. ತಟ್ಟೆಯಲ್ಲಿ ಕೀಲಿಕೈ. ಆಗ ಭಟ್ರು ಕಾರಿನ ಬೆನ್ನು ಸವರಿ, "ಒಳ್ಳೇದಾಯ್ತು. ನಾಳಿದ್ದಿನಿಂದ ದೇವರ ನೈವೇದ್ಯ ಎಲ್ಲ ಇದರಲ್ಲೇ ಹೋಗುವುದು" ಅಂದ್ರು.

ನೈವೇದ್ಯ! ಸುಮ್ಮನಿದ್ರೆ ಏಮೆ ಉಳೀತದೆ. ಬಾಯಿ ಬಿಟ್ಟರೆ ಶನಿವಾರ ಗ್ಯಾಸ್ ಕಟ್ಟರು. ಇಡೀ ಕಾರಿನಲ್ಲಿ ಮಾಮ ಟಾರ್ಚು ಬಿಟ್ಟು ತೋರಿಸದ ದೋಷ ಇದ್ದದ್ದು ಒಂದೇ, ಮತ್ತು ಅದು ನಾನು ಮಾಡಿದ್ದು. ಇಷ್ಟು ವರ್ಷ ಒಂದು ತೂತೂ ಮುಚ್ಚಿಡದ ಮನುಷ್ಯನ ಕೈಯಿಂದ ನಾನು ಕಳ್ಳ ಮಾಲು ಮಾರಿಸ್ತಾ ಇದ್ದೇನೆ ಅಂತ ಕಂಡಿತು.

"ಭಟ್ರೆ" ಅಂದೆ. ಸ್ವರ ಹೊರಟದ್ದು ಬೆಕ್ಕಿನ ಹಾಗೆ. "ಕಾರಿಗೆ ಮೀನಿನೆಣ್ಣೆ ಹಾಕಿದ್ದೇನೆ. ಬೂತಾಯಿದ್ದು. ಎರಡು ಡಬ್ಬಿ."

ಕಿಟಕಿಯಿಂದ ಅತ್ತೆಯ ಸ್ವರ ಬಂತು: "ನಾನು ಹೇಳಲಿಲ್ವಾ! ಬಂಗುಡೆ ಅಲ್ಲ, ಬೂತಾಯಿ ಅಂತ! ನನ್ನ ಮೂಗು!"

ಮಾಮ ನನ್ನನ್ನು ನೋಡಿದ್ರು. ಕೋಪ ಅಲ್ಲ, ಅದು ಇದ್ದಿದ್ರೆ ತಡ್ಕೊಳ್ತಿದ್ದೆ.

"ಹಾಗಾದ್ರೆ..." ಅಂದ್ರು, "ಹಾಗಾದ್ರೆ ಬೆಕ್ಕುಗಳು?"

"ಎಣ್ಣೆಗೆ ಬಂದದ್ದು ಮಾಮ."

ಮಾಮ ಮೆಟ್ಟಿಲಲ್ಲಿ ಕೂತುಬಿಟ್ಟರು. "ಒಂದಾದ್ರೂ?" ಅಂತ ಕೇಳಿದ್ರು.

ಆ ಮುದಿ ಗಂಡು ಬೆಕ್ಕು ಸ್ವಲ್ಪ ಬೇಜಾರದಲ್ಲಿದ್ದ ಹಾಗೆ ಕಾಣ್ತದೆ ಅಂತ ಹೇಳಿದೆ. ಇನ್ನೆಂತ ಹೇಳುವುದು?

ಭಟ್ರು ಕಣ್ಣು ಮುಚ್ಚಿ ನಸ್ಯ ಏರಿಸಿದ್ರು. ಆಮೇಲೆ ವಕೀಲರ ಹಾಗೆ ವಿಚಾರಣೆ ಶುರು ಮಾಡಿದ್ರು.

"ಎಲ್ಲೆಲ್ಲಿ ಹಾಕಿದ್ದು?"

"ಅಡಿಗೆ. ಬಾಗಿಲಿನ ಒಳಗೆ."

"ಸೀಟಿಗೆ?"

"ಇಲ್ಲ ಭಟ್ರೆ, ಸೀಟಿಗೆ ತುಕ್ಕಿಲ್ಲ."

"ಡಿಕ್ಕಿಗೆ?"

"ಡಿಕ್ಕಿಯ ಅಡಿಗೆ, ಹೊರಗಿನಿಂದ."

"ಹೊರಗಿನಿಂದ" ಅಂತ ಭಟ್ರು ಯೋಚನೆ ಮಾಡಿದ್ರು. "ನನ್ನ ಅಡುಗೆ ಮನೆಯ ಗೋಡೆಗೆ ಹೊರಗಿನಿಂದ ಪಕ್ಕದವರ ಕೋಳಿ ಒರಗಿ ಕೂರ್ತದೆ ದಿನಾ. ಹಾಗಂತ ನಾನು ಊಟ ಬಿಟ್ಟಿದ್ದೇನಾ?" ಮತ್ತೆ ನನ್ನ ಕಡೆ ತಿರುಗಿ, "ನೀನು ಹಾಕಿದ್ದು ರುಚಿಗಾ, ರೋಗಕ್ಕಾ?"

"ರೋಗಕ್ಕೆ."

"ಹಾಗಾದ್ರೆ ಮದ್ದು. ಮದ್ದಿಗೆ ಮಡಿ ಇಲ್ಲ. ನನ್ನ ಮಗನಿಗೆ ಡಾಕ್ಟ್ರು ಕೊಟ್ಟ ಹಳದಿ ಗುಳಿಗೆಯೂ ಸಮುದ್ರದ್ದೇ ಅಂತ ಹೇಳ್ತಾರೆ, ನಾನು ಕೇಳ್ಲಿಕ್ಕೆ ಹೋಗಲಿಲ್ಲ. ನೀನು ಹೇಳಿದ್ದರಿಂದ ಈಗ ಇದನ್ನು ಕೇಳ್ಬೇಕಾಯ್ತು." ಕೊಡೆಯ ತುದಿಯಿಂದ ನನ್ನ ಎದೆಗೆ ಒಂದು ತಿವಿದ್ರು. "ಆದ್ರೆ ಮದ್ದು ಅರ್ಧಕ್ಕೆ ಬಿಡ್ಲಿಕ್ಕಿಲ್ಲ. ಇದನ್ನು ತೊಳೆದು ತೆಗಿ. ಇನ್ನು ಮೇಲೆ ಹೊನ್ನೆಣ್ಣೆ, ಹೊನ್ನೆ ಮರದ ಬೀಜದ್ದು. ನಮ್ಮ ಅಜ್ಜಂದಿರು ದೀಪಕ್ಕೆ ಹಾಕ್ತಿದ್ದದ್ದು, ದೋಣಿಗೂ ಹಾಕ್ತಾರೆ, ಯಾವ ತಕರಾರೂ ಇಲ್ಲ. ತಿಂಗಳಿಗೊಮ್ಮೆ ವಾಮಂಜೂರಿಗೆ ಬಂದು ನೀನೇ ಹಚ್ಚಬೇಕು. ನಾನು ಸೀಟಲ್ಲಿ ಕೂತುಕೊಳ್ತೇನೆ, ಅಡಿಗೆ ಹೋಗುವವ ನಾನಲ್ಲ. ಒಪ್ಪಿಗೆಯಾ?"

ಒಪ್ಪಿಗೆಯಾ ಅಂತ ಕೇಳ್ತಾರಲ್ಲ! ನಾನು ಅವರ ಕಾಲಿಗೆ ಬಿದ್ದೆ. ಬಿದ್ದ ಕೂಡಲೇ, "ಏಳು, ಏಳು, ಮನೆಯವಳ ಮೂಗು ಮಾತ್ರ ನನ್ನ ಹಾಗೆ ಅಲ್ಲ, ಶನಿವಾರದ ಒಳಗೆ ತೊಳಿ" ಅಂದ್ರು.

ಶುಕ್ರವಾರ ಇಡೀ ದಿನ ತೊಳೆದದ್ದು. ಸಾಬೂನಿನ ಪುಡಿ, ಸೀಮೆಎಣ್ಣೆ, ನನ್ನ ಮ್ಯಾಗಜೀನಿನ ವಿದ್ಯೆ ಯಾವುದಕ್ಕೂ ನಾತ ಬಗ್ಗಲಿಲ್ಲ. ಕೊನೆಗೆ ಅತ್ತೆ ಸೆರಗು ಸಿಕ್ಕಿಸಿ ಬಂದ್ರು. ಒಂದು ಬುಟ್ಟಿ ಒಲೆಬೂದಿ, ಒಂದು ಪಾತ್ರೆ ಹುಣಸೆಹುಳಿ. "ಮೀನಿನ ಪಾತ್ರೆ ತೊಳೆಯುವುದು ನಿನ್ನ ಇಂಗ್ಲಿಷಿನವರಿಗೆ ಗೊತ್ತಿಲ್ವಾ?" ಅಂತ ನನ್ನನ್ನು ಅಡಿಗೆ ನುಗ್ಗಿಸಿ, ಮೇಲಿಂದ ಬಾಗಿ ಬೈದು ಬೈದು ಉಜ್ಜಿಸಿದ್ರು. ಸಂಜೆಗೆ ಬೆಕ್ಕುಗಳು ಒಂದೊಂದೇ ಎದ್ದು ಹೋದವು. ಮಾಮ ಅವುಗಳನ್ನು ತಿರುಗಿಯೂ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ಭಟ್ರ ಮಗ ಬಂದು ಏಮೆಯನ್ನು ಓಡಿಸಿಕೊಂಡು ಹೋದ. ಮಾಮ ಗೇಟಿನಲ್ಲಿ ನಿಂತು, "ಬಲಕ್ಕೆ ತಿರುಗುವಾಗ ಗುದ್ದಬೇಕು, ಗುದ್ದಬೇಕು" ಅಂತ ಹೇಳ್ತಾ ಇದ್ರು. ಅವನಿಗೆ ಕೇಳಿತೋ ಇಲ್ಲವೋ. ಅವ ಎಡಕ್ಕೆ ತಿರುಗಿದ.

ಒಂದು ತಿಂಗಳು ಮಾಮ ಮಾತು ಕಮ್ಮಿ ಮಾಡಿದ್ರು. ನಾನು ಹೊನ್ನೆಣ್ಣೆ ಡಬ್ಬಿ ಹಿಡಿದು ವಾಮಂಜೂರಿಗೆ ಹೊರಡುವ ದಿನ, "ನನಗೆ ಆ ಕಡೆ ಸ್ವಲ್ಪ ಕೆಲಸ ಉಂಟು" ಅಂತ ಕೊಡೆ ತಗೊಂಡು ಜೊತೆಗೆ ಬಸ್ಸು ಹತ್ತಿದ್ರು. ವಾಮಂಜೂರಿನಲ್ಲಿ ಅವರಿಗೆ ಎಂತ ಕೆಲಸ? ಸುತ್ತ ಗದ್ದೆ. ಭಟ್ರ ಮನೆ ಎದುರು ಚಪ್ಪರದ ಅಡಿಯಲ್ಲಿ ಏಮೆ ನಿಂತಿತ್ತು, ಕನ್ನಡಿಗೆ ಒಂದು ಎಸಳು ದಾಸವಾಳ ಸಿಕ್ಕಿಸಿಕೊಂಡು. ಮಾಮ ಮೊದಲು ಚಕ್ರ ನೋಡಿದ್ರು, ಆಮೇಲೆ ಭಟ್ರ ಕಾಲು ನೋಡಿದ್ರು. ತೊಳೆದ ಕಾಲೇ ಆಗಿತ್ತು.

ನಾನು ಬ್ರಶ್ಶು ಹಿಡಿದು ಅಡಿಗೆ ನುಗ್ಗಿದೆ. ಮಲಗಿದಲ್ಲಿಂದ ನನಗೆ ಕಾಣುವುದು ಎರಡು ಜೋಡಿ ಕಾಲು ಮಾತ್ರ, ಮಾಮನ ಚಪ್ಪಲಿ ಒಂದು, ಭಟ್ರ ಬರಿ ಪಾದ ಒಂದು. ಮೇಲೆ ಇಬ್ಬರದ್ದೂ ಮಾತು, ಗಿಯರು, ಚೋಕು, ಆಷಾಢದ ಮಳೆ. ಮಾತಾಡ್ತಾ ಮಾತಾಡ್ತಾ ಮಾಮ, "ಒಮ್ಮೆ ಸ್ಟಾರ್ಟು ಮಾಡಿ ಭಟ್ರೆ, ಶಬ್ದ ಕೇಳುವಾ" ಅಂದ್ರು. ಭಟ್ರ ಪಾದ ಮೇಲೆ ಹೋಯ್ತು, ಬಾಗಿಲು ಹಾಕಿದ ಶಬ್ದ, ಮತ್ತೆ ನನ್ನ ಮೂಗಿನಿಂದ ಒಂದು ಗೇಣು ಮೇಲೆ ಇಡೀ ಏಮೆ ಗಡಗಡ ನಡುಗಿ ಎದ್ದಿತು. ಹೊನ್ನೆಣ್ಣೆ ತಟತಟ ಅಂತ ನನ್ನ ಮುಖಕ್ಕೇ. ನಾನು ಪ್ರಾಣ ಹೋದ ಹಾಗೆ ಕಿರಿಚಿದೆ. ಕಿರಿಚ್ತಾನೇ ಇದ್ದೆ.

"ಆಹಾ!" ಅಂತ ಮೇಲೆ ಮಾಮನ ಸ್ವರ. ತಿಂಗಳ ಮೇಲೆ ಅವರ ಸ್ವರದಲ್ಲಿ ನಗು ಕೇಳಿದ್ದು ಆಗಲೇ. "ಎಂತ ಚೆಂದ ಓಡ್ತದೆ ನೋಡಿ! ಆದ್ರೆ ಕಿಂಯ್ ಅಂತ ಒಂದು ಶಬ್ದ ಬರ್ತದಲ್ಲ ಭಟ್ರೆ, ಇದು ನನ್ನ ಕಾಲದಲ್ಲಿ ಇರ್ಲಿಲ್ಲ."

"ಫ್ಯಾನ್ ಬೆಲ್ಟು ಇರ್ಬೇಕು" ಅಂದ್ರು ಭಟ್ರು.

ನಾನು ಬಾಯಿ ಮುಚ್ಚಿದೆ.

"ಹಾಂ, ನೋಡಿ" ಅಂದ್ರು ಮಾಮ. "ಈಗ ಸರಿ ಆಯ್ತು."